ಅತ್ತೆಯವರು ಹೋದ ಹೊತ್ತು

ನಿಮ್ಮ ಮುತ್ತಜ್ಜಿ ಕೆಟ್ಟ ನಕ್ಷತ್ರದಲ್ಲಿ ಸಾಯಲಿಲ್ಲ. ಹಾಗೆಂದು ಎಲ್ಲರೂ ನಂಬುವಂತೆ ಮಾಡಿದವಳು ನಾನು. ಅವರು ಪ್ರಾಣ ಬಿಟ್ಟಾಗ ಒಳ್ಳೆಯ ನಕ್ಷತ್ರವೇ ಇತ್ತು. ಅದು ಮುಗಿದು ಕೆಟ್ಟದ್ದು ಹತ್ತುವವರೆಗೆ ನಾನು ಯಾರನ್ನೂ ಕರೆಯದೆ ಅವರ ಹಾಸಿಗೆಯ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದೆ. ಆಮೇಲೆ ಕರೆದೆ.

ಬರೆದುಬಿಟ್ಟೆ. ಹೊಲದಿಂದ ತಲೆಯ ಮೇಲೆ ಹೊತ್ತು ತಂದ ಹೊರೆಯನ್ನು ಅಂಗಳದಲ್ಲಿ ಇಳಿಸಿದಾಗ ಕುತ್ತಿಗೆ ತಾನಾಗಿಯೇ ನೆಟ್ಟಗಾಗುತ್ತದಲ್ಲ, ಹಾಗಿದೆ ಈಗ.

ಅಕ್ಷತಾ, ಕಿರಣ — ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಈಗ ನೀವು ಸಣ್ಣವರು, ಎಲ್ಲ ತಿಳಿಯಲಿಕ್ಕಿಲ್ಲ. ದೊಡ್ಡವರಾದ ಮೇಲೆ ಮತ್ತೊಮ್ಮೆ ಓದಿರಿ. ಎದುರಿಗೆ ಕುಳಿತು ಉದ್ದ ಮಾತಾಡುವುದು ನನಗೆ ಮೊದಲಿನಿಂದಲೂ ಬಾರದು. ಗರಗದ ಸಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತವಳು ನಾನು. ಅಲ್ಲಿಯೂ ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರವನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ.

ಹೋದ ತಿಂಗಳು ಊಟ ಬಿಟ್ಟು ಓಡಾಡುತ್ತಿದ್ದ ತಮ್ಮನಿಗೆ ಅಕ್ಷತಾ ನೀನು, “ಧನಿಷ್ಠಾ ಅಜ್ಜಿ ಬರ್ತಾಳ ನೋಡು” ಅಂದೆ. ಅವನು ಓಡಿ ಬಂದು ನನ್ನ ಸೆರಗಿನಲ್ಲಿ ಮುಖ ಹುದುಗಿಸಿದ. ನಿಮ್ಮ ಅವ್ವ ನಕ್ಕಳು. ನಾನೂ ನಕ್ಕೆ — ನಕ್ಕೆನಲ್ಲ ಎಂದು ಆಮೇಲೆ ಎದೆಯಲ್ಲಿ ಏನೋ ಮುರಿದ ಹಾಗಾಯಿತು. ನಿನ್ನ ತಪ್ಪಲ್ಲ ಮಗಳೆ. ಆ ಹೆಸರನ್ನು ನೀನು ನಿನ್ನ ಅಪ್ಪನ ಬಾಯಿಂದ ಕೇಳಿದ್ದೆ. ಅವನು ಓಣಿಯ ಹುಡುಗರಿಂದ ಕೇಳಿದ್ದ. ಓಣಿಗೆ ಅದು ಹೋದದ್ದು ನನ್ನಿಂದ.

ನಿಮ್ಮ ಮುತ್ತಜ್ಜಿಯ ಹೆಸರು ಮಲ್ಲವ್ವ. ನನ್ನ ಅತ್ತೆ. ಹಳೇ ಹುಬ್ಬಳ್ಳಿಯಲ್ಲಿ ನಮ್ಮದೊಂದು ದೊಡ್ಡ ಮನೆಯಿತ್ತು. ಅತ್ತೆ, ಭಾವನವರು, ಅವರ ಹೆಂಡತಿ ಗಂಗಕ್ಕ, ಅವರ ಮಕ್ಕಳು, ನಿಮ್ಮ ಅಜ್ಜ, ನಾನು, ನಿಮ್ಮ ಅಪ್ಪ — ಇಷ್ಟು ಮಂದಿ ಕಾಯಂ. ಇದರ ಮೇಲೆ ಭಾವನವರ ಕಾಳಿನ ಅಂಗಡಿಗೆ ಮಾಲು ತಂದ ರೈತರು ದಿನಾಲೂ ಊಟಕ್ಕೆ. ಒಂದೇ ಒಲೆ. ಯಾರೂ ನನ್ನನ್ನು ಬಡಿದವರಲ್ಲ, ಹಂಗಿಸಿದವರಲ್ಲ. ಅದನ್ನು ಮೊದಲೇ ಹೇಳುತ್ತೇನೆ, ಇಲ್ಲದಿದ್ದರೆ ನೀವು ನನಗಾಗಿ ಒಂದು ನೆಪ ಹುಡುಕಿಬಿಟ್ಟೀರಿ. ಅತ್ತೆಯವರ ಬಾಯಿ ಜೋರು, ಆದರೆ ಯಾರು ಉಂಡಿಲ್ಲ ಎಂದು ನೋಡದೆ ಅವರು ಮಲಗುತ್ತಿರಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದು ಬಾಗಿಲು. ಮುಚ್ಚಿಕೊಳ್ಳಬಹುದಾದ ಒಂದು ಬಾಗಿಲು. ಮಂದಿಯ ನಡುವೆ ನನಗೆ ಉಸಿರು ಕಟ್ಟುತ್ತಿತ್ತು. ಇಪ್ಪತ್ತು ವರ್ಷಗಳ ಹತ್ತಿರ ಆ ಮನೆಯಲ್ಲಿದ್ದರೂ ನಿಮ್ಮ ಅಜ್ಜನ ಜೊತೆ ಹಗಲು ಹೊತ್ತಿನಲ್ಲಿ ಕುಳಿತು ಒಂದು ಬಟ್ಟಲು ಚಹಾ ಕುಡಿದದ್ದು ನೆನಪಿಲ್ಲ.

ಇನ್ನು ಆ ಗಡಿಯಾರದ ಮಾತು. ನೀವು ದಿನಾ ನೋಡುತ್ತೀರಿ, ಫ್ರಿಜ್ಜಿನ ಮೇಲಿರುವ ಆ ಸಣ್ಣದು. ಅದು ಈ ಮನೆಗೆ ಹೇಗೆ ಬಂತು ಎಂದು ನೀವು ಕೇಳಿಲ್ಲ, ನಾನೂ ಹೇಳಿಲ್ಲ.

ನಿಮ್ಮ ಅಜ್ಜ ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ತೊಂಬತ್ತರ ಸುಮಾರಿಗೆ ಅಲ್ಲಿಗೆ ಹೊಸ ಯಂತ್ರ ಬಂತು, ಅದನ್ನು ಕೂಡ್ರಿಸಲು ಜಪಾನಿನಿಂದ ಒಬ್ಬ ಇಂಜಿನಿಯರ್ ಬಂದರು. ಅವರ ಕೈಕೆಳಗೆ ದುಡಿಯಲು ಅಜ್ಜನನ್ನು ಹಾಕಿದ್ದರು. ಅಜ್ಜನಿಗೆ ಅವರ ಮಾತು ತಿಳಿಯದು, ಅವರಿಗೆ ಅಜ್ಜನದು ತಿಳಿಯದು. ಆದರೂ ಅಜ್ಜ ಅವರನ್ನು ಸಂಜೆಗೆ ಗಾಡಿಯ ಹತ್ತಿರ ಕರೆದೊಯ್ದು ಗಿರಮಿಟ್ಟು, ಮಿರ್ಚಿ ತಿನ್ನಿಸಿದರಂತೆ. ಅವರು ಕಣ್ಣು ಮೂಗಿನಲ್ಲೆಲ್ಲ ನೀರು ಸುರಿಸುತ್ತ ಇನ್ನೊಂದು ಪ್ಲೇಟು ಕೇಳಿದರಂತೆ. ಹೊರಡುವಾಗ ತಮ್ಮ ಟೇಬಲ್ಲಿನ ಮೇಲಿದ್ದ ಗಡಿಯಾರವನ್ನೇ ಎತ್ತಿ ಅಜ್ಜನ ಕೈಗೆ ಕೊಟ್ಟರು.

ಅಂಗೈ ಅಗಲದ್ದು. ಬೆಣ್ಣೆಯ ಬಣ್ಣ. ಎಲ್ಲಿ ಮುಟ್ಟಿದರೂ ನುಣುಪು, ಚೂಪಾದ ಮೂಲೆ ಒಂದಿಲ್ಲ. ಅಂಕಿಗಳೂ ಇಲ್ಲ, ಸುತ್ತ ಸಣ್ಣ ಗೀರುಗಳಷ್ಟೇ. ಸೆಕೆಂಡಿನ ಮುಳ್ಳು ಕುಪ್ಪಳಿಸುತ್ತಿರಲಿಲ್ಲ, ಎಣ್ಣೆಯ ಮೇಲೆ ಜಾರಿದ ಹಾಗೆ ಸುತ್ತುತ್ತಿತ್ತು. ಕಿವಿಗೆ ಹಿಡಿದರೂ ಸಪ್ಪಳವಿಲ್ಲ. ಅವರ ದೇಶದಲ್ಲಿ ಮನೆಗಳು ಸಣ್ಣವಂತೆ, ಕೋಣೆ ಒಂದಕ್ಕೊಂದು ಹತ್ತಿಕೊಂಡಿರುತ್ತವಂತೆ. ಮಲಗಿದವರಿಗೆ ತೊಂದರೆಯಾಗಬಾರದೆಂದು ಯಾರೋ ಕುಳಿತು ಯೋಚನೆ ಮಾಡಿ ಹೀಗೆ ಮಾಡಿದ್ದಾರಂತೆ — ಆಫೀಸಿನ ಸಾಹೇಬರು ಅಜ್ಜನಿಗೆ ಕನ್ನಡದಲ್ಲಿ ತಿಳಿಸಿ ಹೇಳಿದ್ದರು. ಅಜ್ಜ ಬಂದು ನನಗೆ ಹೇಳಿದರು. ಆ ಮಾತು ನನ್ನೊಳಗೆ ಎಲ್ಲಿಯೋ ಕುಳಿತುಬಿಟ್ಟಿತು. ಮಲಗಿದವರ ಬಗ್ಗೆ, ಸುಮ್ಮನಿರುವವರ ಬಗ್ಗೆ ಯೋಚನೆ ಮಾಡುವ ಜನ ಇದ್ದಾರೆ. ಸಣ್ಣ ಮನೆ — ಒಂದು ಕೋಣೆ, ಇಬ್ಬರು ಮೂವರು, ಸಪ್ಪಳವಿಲ್ಲದ ಗಡಿಯಾರ...

ಅತ್ತೆಯವರು ಅದನ್ನು ಎರಡೂ ಕಿವಿಗೆ ಹಚ್ಚಿ ನೋಡಿದರು. “ಇದರ ಜೀವ ಹೋಗೇತಿ” ಅಂದರು. ಮುಳ್ಳು ತಿರುಗುವುದನ್ನು ತೋರಿಸಿದಾಗ, “ಸೊಸಿ ಮಾತಾಡೂದಿಲ್ಲ, ಈಗ ಗಡಿಯಾರನೂ ಮಾತಾಡೂದಿಲ್ಲ. ಈ ಮನ್ಯಾಗ ನಾ ಒಬ್ಬಾಕಿನ ಒದರಬೇಕೇನ?” ಅಂದರು. ಎಲ್ಲರೂ ನಕ್ಕರು. ಪಡಸಾಲೆಯಲ್ಲಿ ಮಾವನವರ ಕಾಲದ ದೊಡ್ಡ ಗಡಿಯಾರವಿತ್ತು, ತಾಸಿಗೊಮ್ಮೆ ಇಡೀ ಓಣಿಗೆ ಕೇಳುವಂತೆ ಬಡಿಯುತ್ತಿತ್ತು. ಅದರ ಮುಂದೆ ಇದನ್ನು ಯಾರು ಕೇಳಬೇಕು? ನಾನು ನನ್ನ ಟ್ರಂಕಿನ ಮೇಲೆ ಇಟ್ಟುಕೊಂಡೆ.

ಮರುವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮತ್ತೆ ಏಳಲಿಲ್ಲ. ಮಲಗಿದಲ್ಲೇ ದಿನ ಕಳೆಯುತ್ತ ಅವರ ಜೋರು ಬಾಯಿಯೂ ಇಳಿಯಿತು. ದೊಡ್ಡ ಗಡಿಯಾರ ಬಡಿದಾಗೊಮ್ಮೆ ಬೆಚ್ಚಿಬೀಳುತ್ತಿದ್ದರು. ಎದೆಯಲ್ಲಿ ಬಡಿದ ಹಾಗಾಗುತ್ತದೆ, ಅದರ ಬಾಯಿ ಮುಚ್ಚಿಸಿ ಎಂದರು. ಭಾವನವರು ಲೋಲಕ ಹಿಡಿದು ನಿಲ್ಲಿಸಿದರು. ಔಷಧದ ಹೊತ್ತು ನೋಡಬೇಕಲ್ಲ, ಆಗ ಅತ್ತೆಯೇ ಅಂದರು, “ನೀಲವ್ವ, ನಿನ್ನ ಆ ಮೂಕ ಗಡಿಯಾರ ತಾ.” ಅವರ ತಲೆದೆಸೆಯ ಗೋಡೆಯ ಗೂಡಿನಲ್ಲಿ ಅದನ್ನಿಟ್ಟೆ. ಆಮೇಲೆ ಅವರು ಅದನ್ನು ಬಹಳ ಹಚ್ಚಿಕೊಂಡರು. ಆ ಮುಳ್ಳು ಸುತ್ತುವುದನ್ನು ನೋಡುತ್ತಲೇ ನಿದ್ದೆಹೋಗುತ್ತಿದ್ದರು.

ಅವರ ಸೇವೆಯನ್ನೆಲ್ಲ ಮಾಡಿದವಳು ಗಂಗಕ್ಕ. ಮೈ ಒರೆಸುವುದು, ಹಾಸಿಗೆ ಬದಲಿಸುವುದು, ಬೆನ್ನಿಗೆ ಹುಣ್ಣಾಗದಂತೆ ಹೊರಳಿಸುವುದು — ಹಿರಿಯ ಸೊಸೆ ನಾನು, ನನ್ನ ಹಕ್ಕು ಎಂದು ಮಾಡುತ್ತಿದ್ದಳು. ನಾನು ಒಲೆಯ ಮುಂದೆ. ನನಗಿದ್ದ ಕೆಲಸವೆಂದರೆ ದಿನಾ ಮುಂಜಾನೆ ಅತ್ತೆಯವರಿಗೆ ಕ್ಯಾಲೆಂಡರ್ ಓದಿ ಹೇಳುವುದು. ತಿಥಿ ಯಾವುದು, ನಕ್ಷತ್ರ ಯಾವುದು, ಎಷ್ಟು ಹೊತ್ತಿನವರೆಗೆ. ಗಂಗಕ್ಕನಿಗೆ ಓದಲು ಬರುತ್ತಿರಲಿಲ್ಲ.

ನಕ್ಷತ್ರ ಯಾಕೆ ಎಂದು ಕೇಳುತ್ತೀರಿ. ನಮ್ಮ ಕಡೆ ಕೆಲವು ನಕ್ಷತ್ರಗಳಲ್ಲಿ ಮನೆಯೊಳಗೆ ಯಾರಾದರೂ ತೀರಿಕೊಂಡರೆ ಆ ಮನೆಯನ್ನು ಬಿಡುತ್ತಾರೆ. ಬೀಗ ಹಾಕಿ, ಬಾಗಿಲಿಗೆ ಮುಳ್ಳಿನ ಕಂಟಿ ಹಚ್ಚಿ ಎಲ್ಲರೂ ಹೊರಗೆ ಹೋಗಬೇಕು. ಧನಿಷ್ಠಾ ನಕ್ಷತ್ರವಾದರೆ ಆರು ತಿಂಗಳು. ಇಲ್ಲದಿದ್ದರೆ ಆ ಮನೆಯಲ್ಲಿ ಮತ್ತೊಂದು ಸಾವಾಗುತ್ತದೆ ಎಂಬ ಹೆದರಿಕೆ. ಎಲ್ಲರೂ ನಂಬುತ್ತಾರೆಂದಲ್ಲ, ಆದರೆ ಮಕ್ಕಳಿರುವ ಮನೆಯಲ್ಲಿ ಯಾರೂ ಪರೀಕ್ಷೆ ಮಾಡಿ ನೋಡುವುದಿಲ್ಲ.

ಆ ದಿನಗಳಲ್ಲಿಯೇ ಕಾರ್ಖಾನೆಯವರು ಅಜ್ಜನಿಗೆ ಕ್ವಾರ್ಟರ್ಸ್ ಕೊಡುತ್ತೇವೆ ಎಂದಿದ್ದರು. ಎರಡು ಕೋಣೆ, ಅಡುಗೆಮನೆ. ಅಜ್ಜ ಒಲ್ಲೆ ಎಂದರು. ಅವ್ವ ಇರುವವರೆಗೆ ಮಾತೇ ಬೇಡ, ಆಮೇಲೂ ಅಣ್ಣನನ್ನು ಬಿಟ್ಟು ಹೇಗೆ ಬರಲಿ ಎಂದರು. ಬೇಸರವಿಲ್ಲದೆ, ನಗುತ್ತಲೇ ಹೇಳಿದರು. ಆಗಲಿ ಎಂದು ನಾನು ತಲೆ ಅಲ್ಲಾಡಿಸಿದೆ. ಆ ರಾತ್ರಿ — ಬೇಡ, ಅತ್ತದ್ದನ್ನೆಲ್ಲ ಬರೆದರೆ ಅದೂ ಒಂದು ನೆಪವೇ ಆಗುತ್ತದೆ.

ಆ ದಿನ ಮುಂಜಾನೆ ಕ್ಯಾಲೆಂಡರ್ ಓದಿದೆ. ಶ್ರವಣ ನಕ್ಷತ್ರ, ನಾಲ್ಕು ಗಂಟೆಗೆ ಮುಗಿಯುತ್ತದೆ, ಮುಂದೆ ಧನಿಷ್ಠಾ. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಅವರಿಗೆ ಎರಡು ದಿನಗಳಿಂದ ಅನ್ನ ಇಳಿಯುತ್ತಿರಲಿಲ್ಲ.

“ಅಷ್ಟರಾಗ ನನ್ನ ಕರಕೊಳ್ಳಲಿ ಶಿವ” ಅಂದರು. “ನಿಮ್ಮನ್ನೆಲ್ಲಾ ಮನಿ ಬಿಡಿಸಿ ಹೋದಾಕಿ ಅನಿಸ್ಕೊಳ್ಳೂದು ಬ್ಯಾಡವ್ವಾ ನನಗ.”

ಆಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇರಲಿಲ್ಲ — ಇಲ್ಲ, ನಿಜ ಬರೆಯಬೇಕು. ಒಂದು ಗಳಿಗೆ ಇತ್ತು. ನಾಲ್ಕರ ಮೇಲೆ ಆದರೆ... ಎಂದು ಬಂತು, ನಾನೇ ಅಂಜಿ ಅದನ್ನು ದೂಡಿದೆ. ಒಳಗೆ ಹೋಗಿ ರೊಟ್ಟಿ ಬಡಿದೆ.

ಮಧ್ಯಾಹ್ನ ಗಂಡಸರು ಕೆಲಸಕ್ಕೆ, ಮಕ್ಕಳು ಸಾಲೆಗೆ. ಗಂಗಕ್ಕ ನನ್ನನ್ನು ಅತ್ತೆಯವರ ಹತ್ತಿರ ಕೂಡ್ರಿಸಿ, ಹಾಸಿಗೆಯ ಬಟ್ಟೆ ಒಗೆಯಲು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಅತ್ತೆ ತುಟಿ ಅಲ್ಲಾಡಿಸಿದರು. ನೀರು ಎಂದು ತಿಳಿಯಿತು. ಚಮಚದಿಂದ ಹಾಕಿದೆ. ನುಂಗಿದರು. ಇನ್ನೊಂದು ಹಾಕಿದೆ, ಅದನ್ನೂ ನುಂಗಿದರು. ನನ್ನ ಮುಖ ನೋಡಿದರು. ಒಂದು ಉದ್ದ ಉಸಿರು ಬಂತು, ಅದರ ಹಿಂದೆ ಇನ್ನೊಂದು ಬರುತ್ತದೆಂದು ಕಾದೆ. ಬರಲಿಲ್ಲ.

ನಾನು ತಲೆ ಎತ್ತಿ ಗೂಡಿನ ಕಡೆ ನೋಡಿದೆ. ಮೂರೂವರೆ ಆಗಿತ್ತು.

ಎದ್ದೆ. ಗಂಗಕ್ಕನನ್ನು ಕರೆಯಲಿಕ್ಕೇ ಎದ್ದೆ, ಅದು ಖರೆ. ಹೊಸ್ತಿಲವರೆಗೆ ಹೋದೆ. ಹಿತ್ತಲಲ್ಲಿ ಬಟ್ಟೆ ಬಡಿಯುವ ಸಪ್ಪಳ ಕೇಳುತ್ತಿತ್ತು. “ಅಕ್ಕಾ” ಎಂದರೆ ಸಾಕಿತ್ತು. ಬಾಯಿ ಬರಲಿಲ್ಲ ಎನ್ನಲೇ? ನಾಚಿಕೆಯ ಸ್ವಭಾವ ಎನ್ನಲೇ? ಅಲ್ಲ. ನಾನು ಯೋಚನೆ ಮಾಡಿದೆ. ಪೂರ್ತಿ ಎಚ್ಚರವಿದ್ದು ಯೋಚನೆ ಮಾಡಿದೆ. ಆ ಎರಡು ಕೋಣೆ ಕಣ್ಣಿಗೆ ಬಂದವು. ಯಾರ ಜೊತೆಗೂ ಜಗಳವಿಲ್ಲ, ಯಾರ ಮನಸ್ಸಿಗೂ ನೋವಿಲ್ಲ, ನಾನು ಬಾಯಿ ಬಿಟ್ಟು ಏನೂ ಕೇಳಬೇಕಾಗಿಲ್ಲ. ಮನೆ ತಾನಾಗಿ ನಮ್ಮನ್ನು ಹೊರಗೆ ಕಳಿಸುತ್ತದೆ. ಮತ್ತೂ ಒಂದು ಲೆಕ್ಕ ಹಾಕಿದೆ — ನಿಜವಾಗಿ ಅವರು ಹೋದದ್ದು ಶ್ರವಣದಲ್ಲಿಯೇ, ಆದ್ದರಿಂದ ಯಾರಿಗೂ ಕೇಡಾಗುವುದಿಲ್ಲ ಎಂದು. ಎಂಥ ಲೆಕ್ಕ ನೋಡಿರಿ.

ಹೊಸ್ತಿಲಿನಿಂದ ತಿರುಗಿ ಬಂದು ಕುಳಿತೆ.

ಅವರ ಕಣ್ಣು ಮುಚ್ಚಿಸಿದೆ. ಕೈ ಹಿಡಿದುಕೊಂಡೆ. ಆ ಗಡಿಯಾರದ ಮುಳ್ಳು ಸುತ್ತುತ್ತಿತ್ತು. ನಾನು ಅದನ್ನು ಮುಟ್ಟಲಿಲ್ಲ, ತಿರುಗಿಸಲಿಲ್ಲ. ಅದು ಸರಿಯಾದ ಹೊತ್ತನ್ನೇ ತೋರಿಸುತ್ತಿತ್ತು. ಪಡಸಾಲೆಯ ಗಡಿಯಾರ ನಡೆಯುತ್ತಿದ್ದರೆ ನಾಲ್ಕು ಬಡಿಯುವಾಗ ನಾನು ಬೆಚ್ಚಿ ಎದ್ದು ಓಡುತ್ತಿದ್ದೆನೋ ಏನೋ. ಇದು ಹಾಗಲ್ಲ. ಇದು ಎಬ್ಬಿಸುವುದಿಲ್ಲ, ಬೈಯುವುದಿಲ್ಲ. ನನ್ನೆದುರಿಗೇ ನನ್ನ ಪಾಪ ಸುತ್ತು ಸುತ್ತಾಗಿ ಬೆಳೆಯುತ್ತಿತ್ತು, ಒಂದು ಸಪ್ಪಳವಿಲ್ಲದೆ. ನನ್ನ ಅಂಗೈಯಲ್ಲಿ ಅತ್ತೆಯವರ ಕೈ ಸಾವಕಾಶ ತಣ್ಣಗಾಗುತ್ತಿತ್ತು. ನಡುವೆ ಒಮ್ಮೆ ಗಂಗಕ್ಕ ಹಿತ್ತಲಿನಿಂದಲೇ, ಅತ್ತೆ ಮಲಗಿದ್ದಾರೇನು ಎಂದು ಕೂಗಿ ಕೇಳಿದಳು. ನಾನು “ಹೂಂ” ಎಂದೆ.

ಮೌನವಾಗಿದ್ದೆ ಅಷ್ಟೇ, ಸುಳ್ಳು ಹೇಳಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆ “ಹೂಂ” ಏನು ಹಾಗಾದರೆ?

ಮುಳ್ಳು ನಾಲ್ಕನ್ನು ದಾಟಿತು. ಇನ್ನೂ ಸ್ವಲ್ಪ ಕಾದೆ — ಅನುಮಾನಕ್ಕೆ ಎಡೆಯಿರಬಾರದೆಂದು. ಆಮೇಲೆ ಬಾಗಿಲಿಗೆ ಹೋಗಿ ಕೂಗಿದೆ.

“ಅಕ್ಕಾ, ಲಗೂ ಬಾ. ಅತ್ತಿ ಈಗ ಹೋದ್ರು.”

ಗಂಗಕ್ಕ ಒದ್ದೆ ಕೈಯಲ್ಲೇ ಓಡಿ ಬಂದಳು. ಬಂದವಳೇ ನೀರಿನ ಬಟ್ಟಲು ಎತ್ತಿಕೊಂಡು ಅತ್ತೆಯವರ ಬಾಯಿಗೆ ಚಮಚ ಹಿಡಿದಳು. ಇನ್ನೂ ಜೀವವಿದ್ದೀತು ಎಂಬ ಆಸೆ. ನೀರು ಕಟವಾಯಿಯಿಂದ ಹರಿದು ದಿಂಬಿಗೆ ಇಳಿಯಿತು. ಮತ್ತೆ ಹಾಕಿದಳು, ಮತ್ತೆ ಹರಿಯಿತು. ಕೈ ಇಷ್ಟು ಬೇಗ ತಣ್ಣಗಾಯಿತಲ್ಲ ಎಂದು ಅತ್ತಳು. ಮೊದಲಿನಿಂದಲೂ ತಣ್ಣಗಿತ್ತಕ್ಕ ಎಂದೆ. ಒಮ್ಮೆ ಶುರುವಾದ ಮೇಲೆ ಸುಳ್ಳು ಎಷ್ಟು ಸರಳವಾಗಿ ಬರುತ್ತದೆ!

ಸಂಜೆ ಕ್ರಿಯೆ ಮಾಡಿಸುವ ಅಯ್ಯನವರು ಬಂದು, ಜೀವ ಹೋದದ್ದು ಎಷ್ಟು ಹೊತ್ತಿಗೆ ಎಂದು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಭಾವನವರ ಎದುರು ನಾನು ಅಂದಿನವರೆಗೆ ಬಾಯಿ ತೆರೆದವಳಲ್ಲ. ಅವರು ಬಂದರೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದೆ. ಆ ದಿನ ಗೋಡೆಯನ್ನು ನೋಡುತ್ತ, “ನಾಲ್ಕು ದಾಟಿತ್ರಿ” ಎಂದೆ. ಯಾರೋ ಹಿರಿಯರು, ಹೆಣ್ಣುಮಗಳು ಗಾಬರಿಯಲ್ಲಿ ಸರಿಯಾಗಿ ನೋಡಿದ್ದಾಳೋ ಇಲ್ಲವೋ ಎಂದರು.

ಭಾವನವರು ಅಂದರು, “ಆಕಿ ಸುಳ್ಳ ಹೇಳಾಕಿ ಅಲ್ಲ.”

ಆ ಮಾತಿನ ಮೇಲೆ ಮನೆ ಬಿಡುವುದು ಖಾತ್ರಿಯಾಯಿತು. ಭಾವನವರಿಗೆ ಸ್ವತಃ ಮನಸ್ಸಿರಲಿಲ್ಲ. ಶರಣರು ಇಂಥದ್ದನ್ನೆಲ್ಲ ಒಪ್ಪಿಲ್ಲ, ಶಿವನು ಕೊಟ್ಟ ದಿನಗಳಲ್ಲಿ ಕೆಟ್ಟದ್ದು ಯಾವುದು ಎಂದು ವಾದ ಮಾಡಿದರು. ಆದರೆ ಬೀಗರು, ಓಣಿಯ ಹಿರಿಯರು ಮಕ್ಕಳ ಮುಖ ನೋಡಿ ಎಂದರು. ಗಂಗಕ್ಕ ಹೆದರಿದಳು. ದಿನಕರ್ಮ ಮುಗಿದ ಮೇಲೆ ಬೀಗ ಹಾಕಿ ಮುಳ್ಳು ಹಚ್ಚಿದರು. ಗಂಗಕ್ಕನ ಸಂಸಾರ ಸುಳ್ಳ ಎಂಬ ಹಳ್ಳಿಯಲ್ಲಿದ್ದ ಅವಳ ತವರಿನವರ ಒಂದು ಖಾಲಿ ಮನೆಗೆ ಹೋಯಿತು. ನಾವು ಕ್ವಾರ್ಟರ್ಸಿಗೆ. ಅದೇ ಗಡಿಯಾರವನ್ನು ಸೀರೆಯಲ್ಲಿ ಸುತ್ತಿ ತಂದೆ.

ಮೊದಲ ಮುಂಜಾನೆ ಎದ್ದು ನನ್ನದೇ ಒಲೆ ಹಚ್ಚಿದೆ. ನಿಮ್ಮ ಅಜ್ಜ, ನಾನು, ಹೈಸ್ಕೂಲಿಗೆ ಹೋಗುತ್ತಿದ್ದ ನಿಮ್ಮ ಅಪ್ಪ — ಮೂರು ಬಟ್ಟಲು ಚಹಾ. ಕಿಟಕಿಯಿಂದ ಬಿಸಿಲು ಬಂತು. ಗಡಿಯಾರ ಸುಮ್ಮನೆ ಸುತ್ತುತ್ತಿತ್ತು. ನನಗೆ ಸುಖವಾಯಿತು. ಮಕ್ಕಳೇ, ಇದನ್ನು ಬಚ್ಚಿಟ್ಟರೆ ಈ ಬರಹವೂ ಸುಳ್ಳಾಗುತ್ತದೆ. ಸೂತಕ ಕಳೆದು ಇನ್ನೂ ದಿನಗಳಾಗಿರಲಿಲ್ಲ, ನಾನು ಬಾಗಿಲು ಮುಚ್ಚಿಕೊಂಡು ಒಬ್ಬಳೇ ಕುಳಿತು ಹಾಡಿಕೊಂಡೆ.

ಆರು ತಿಂಗಳಾದ ಮೇಲೆ ಗಂಗಕ್ಕ ಶಾಂತಿ ಮಾಡಿಸಿ ಮನೆಗೆ ಮರಳಿದಳು. ನಮ್ಮನ್ನೂ ಕರೆದಳು. ಪರೀಕ್ಷೆ ಮುಗಿಯಲಿ ಎಂದೆ, ಮಳೆಗಾಲ ಮುಗಿಯಲಿ ಎಂದೆ, ಕಾರ್ಖಾನೆಗೆ ಇಲ್ಲಿಂದ ಹತ್ತಿರ ಎಂದೆ. ಅಜ್ಜ ನನ್ನ ಮುಖ ನೋಡಿ ಸುಮ್ಮನಾದರು. ನಾವು ಹೋಗಲಿಲ್ಲ. ಆ ದೊಡ್ಡ ಮನೆಯಲ್ಲಿ ಅವರಷ್ಟೇ ಉಳಿದರು. ನಮ್ಮ ಪಾಲಿನ ಕೋಣೆಗಳನ್ನು ಬಾಡಿಗೆಗೆ ಕೊಡಲು ನೋಡಿದರೆ ಯಾರೂ ಬರಲಿಲ್ಲ — ಧನಿಷ್ಠಾದಲ್ಲಿ ಸತ್ತ ಮುದುಕಿಯ ಮನೆ. ಗಂಗಕ್ಕನ ಹಿರಿಯ ಮಗಳಿಗೆ ಗೊತ್ತುಮಾಡಿದ್ದ ಸಂಬಂಧ ತಪ್ಪಿದಾಗ, ಆ ಮುದುಕಿಯ ಕಾಟ ಎಂದರು. ಭಾವನವರ ಅಂಗಡಿ ನಿಂತಾಗಲೂ ಅದನ್ನೇ ಅಂದರು. ಕೊನೆಗೆ ಮನೆಯನ್ನು ಮಾರಿದರು. ಭಾವನವರು ಬಾಡಿಗೆ ಮನೆಯಲ್ಲಿ ಕಣ್ಣು ಮುಚ್ಚಿದರು. ಅತ್ತೆಯವರ ಫೋಟೋವನ್ನು ಯಾರ ಮನೆಯ ಗೋಡೆಗೂ ಹಾಕಲಿಲ್ಲ. ಉಂಡಿರೋ ಇಲ್ಲವೋ ಎಂದು ಮಕ್ಕಳನ್ನೆಲ್ಲ ಎಣಿಸಿ ಮಲಗುತ್ತಿದ್ದ ಹೆಂಗಸು — ಅವರ ಹೆಸರು ಹೇಳಿ ಮಕ್ಕಳನ್ನು ಹೆದರಿಸುವಂತಾಯಿತು.

ನಿಮ್ಮ ಅಜ್ಜನಿಗೆ ಹೇಳಲಿಲ್ಲ. ಹೇಳಬೇಕೆಂದು ಎಷ್ಟೋ ಸಲ... ಅವರು ತಮ್ಮ ಅವ್ವನ ಬಗ್ಗೆ ಮಾತೆತ್ತಿದಾಗೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಅವರು ತೀರಿಕೊಂಡ ದಿನ ಮಂದಿ ಎಷ್ಟು ಹೊತ್ತಿಗೆ ಎಂದು ಕೇಳಿದರು. ಪಕ್ಕದಲ್ಲೇ ಇದ್ದವಳು ನಾನು. ಗಡಿಯಾರದ ಕಡೆಗೆ ಕಣ್ಣೆತ್ತಲು ನನಗೆ ಧೈರ್ಯವಾಗಿರಲಿಲ್ಲ. ಗೊತ್ತಿಲ್ಲ ಎಂದೆ. ದುಃಖಕ್ಕೆ ಹಾಗಾಗಿದೆ ಎಂದು ಎಲ್ಲರೂ ಕನಿಕರಪಟ್ಟರು.

ಕಿರಣ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಮರುದಿನ ನಾನು ಧಾರವಾಡದ ಬಸ್ಸು ಹತ್ತಿದೆ. ಗಂಗಕ್ಕ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಜಗಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಪಕ್ಕದಲ್ಲಿ ಕುಳಿತು ಬಿಡಿಸತೊಡಗಿದೆ. ಬಸ್ಸಿನಲ್ಲಿ ಮಾತನ್ನೆಲ್ಲ ಹೊಂದಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. ಬುಟ್ಟಿಯನ್ನೇ ನೋಡುತ್ತ ಹೇಳಿದೆ — ಮೂರೂವರೆ, ಹೊಸ್ತಿಲು, ತಿರುಗಿ ಬಂದು ಕುಳಿತದ್ದು, “ಹೂಂ” ಎಂದದ್ದು, ಯಾಕೆ ಎಂಬುದು, ಎಲ್ಲ.

ಗಂಗಕ್ಕನ ಕೈ ನಿಂತಿತು. ಬೈಯುತ್ತಾಳೆ, ಎದ್ದು ಒಳಗೆ ಹೋಗಿಬಿಡುತ್ತಾಳೆ ಎಂದುಕೊಂಡೆ. ಅವಳು ಮನೆಯ ಬಗ್ಗೆ ಕೇಳಲಿಲ್ಲ, ನಕ್ಷತ್ರದ ಬಗ್ಗೆ ಕೇಳಲಿಲ್ಲ.

“ನೀರ ಹಾಕಿದ್ಯೇನ?” ಅಂದಳು. “ಖರೇ ಹೇಳು. ನೀ ಆದರೂ ಹಾಕಿದ್ಯೇನ?”

ಎರಡು ಚಮಚ ಹಾಕಿದೆ, ಎರಡನ್ನೂ ನುಂಗಿದರು ಎಂದೆ.

ಗಂಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಷ್ಟು ವರ್ಷ ಅವಳ ತಲೆಯಲ್ಲಿ ಉಳಿದಿದ್ದದ್ದು ದಿಂಬಿಗೆ ಹರಿದ ಆ ನೀರು. ಒಂದು ಗಳಿಗೆ ಮೊದಲು ಬಂದಿದ್ದರೆ, ಆ ಹಾಳು ಬಟ್ಟೆ ಆಮೇಲೆ ಒಗೆದಿದ್ದರೆ ಎಂದು ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳಂತೆ. ತಾನು ಅಷ್ಟು ಸೇವೆ ಮಾಡಿಯೂ ಅತ್ತೆ ಬಾಯಿ ಒಣಗಿಯೇ ಹೋದರು ಎಂದು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳಂತೆ. ನಾನು ನನ್ನ ಭಾರವೊಂದನ್ನೇ ಹೊತ್ತು ತಿರುಗುತ್ತಿದ್ದೇನೆ ಎಂದುಕೊಂಡಿದ್ದೆ. ನನ್ನ ಮೌನ ಇನ್ನೊಬ್ಬಳ ತಲೆಯ ಮೇಲೂ ಒಂದು ಹೊರೆ ಇಟ್ಟಿತ್ತು. ಎರಡು ಚಮಚ ನೀರಿನ ಮಾತು ಹೇಳಿದ್ದರೆ ಇಳಿದುಹೋಗುತ್ತಿತ್ತು. ಅದನ್ನೂ ಹೇಳಿರಲಿಲ್ಲ ನಾನು.

ಕಣ್ಣು ಒರೆಸಿಕೊಂಡ ಮೇಲೆ ಅವಳಿಗೆ ಸಿಟ್ಟು ಬಂತು.

“ಬ್ಯಾರೆ ಆಗಬೇಕಂದ್ರ ನನ್ನ ಕೂಡ ಜಗಳಾ ತಗೀಬೇಕಿತ್ತಲ್ಲ, ನೀಲಾ. ಎರಡ ದಿನ ಬೈತಿದ್ದೆ. ಮೂರನೇ ದಿನಕ್ಕ ಪಾತ್ರಿ-ಭಾಂಡೇ ಕೊಟ್ಟು, ಉಡಿ ತುಂಬಿ ನಾನ ಕಳಸ್ತಿದ್ದೆ.”

ಅಷ್ಟೇ ಆಗಿತ್ತು. ಎರಡು ದಿನದ ಬೈಗುಳಕ್ಕೆ ಹೆದರಿ ನಾನು ಒಂದು ಮನೆಯನ್ನು, ಒಬ್ಬ ತಾಯಿಯ ಹೆಸರನ್ನು ಹಾಳು ಮಾಡಿದ್ದೆ. ಕಾಲು ಹಿಡಿಯಲು ಬಾಗಿದೆ. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು. ನನ್ನ ಕಾಲು ಹಿಡಿದರೆ ಅತ್ತೆಯವರ ಹೆಸರು ತೊಳೆದಂತಾಗುವುದಿಲ್ಲ, ನನಗೊಬ್ಬಳಿಗೆ ಹೇಳಿದರೆ ಮುಗಿಯಲಿಲ್ಲ, ಮನೆಮಂದಿಗೆಲ್ಲ ಹೇಳು ಎಂದಳು. ಆಮೇಲೆ ಎದ್ದು ಹೋಗಿ ರೊಟ್ಟಿ, ಪಲ್ಯ ತಂದಿಟ್ಟಳು.

“ಉಂಡು ಹೋಗು” ಅಂದಳು. “ಸಿಟ್ಟು ಹೋತಂತ ತಿಳ್ಕೋಬ್ಯಾಡ ಮತ್ತ.”

ಉಂಡೆ. ಇಷ್ಟು ವರ್ಷಗಳಲ್ಲಿ ಅವಳ ಎದುರಿಗೆ ತಲೆ ಎತ್ತಿಕೊಂಡು ಉಂಡದ್ದು ಅದೇ ಮೊದಲು. ಬಸ್ಸಿನಲ್ಲಿ ಮರಳುವಾಗ ನವಲೂರು ದಾಟುವಷ್ಟರಲ್ಲಿ ನಿದ್ದೆ ಬಂದಿತ್ತು, ಹುಬ್ಬಳ್ಳಿಯಲ್ಲಿ ಕಂಡಕ್ಟರ್ ಎಬ್ಬಿಸಬೇಕಾಯಿತು. ಹಗುರಾಗಿದ್ದೆ. ಕ್ಷಮೆ ಸಿಕ್ಕಿತೆಂದಲ್ಲ, ಸಿಕ್ಕಿಲ್ಲ. ಇನ್ನು ಅಡಗಿಸಬೇಕಾದದ್ದು ಏನೂ ಇಲ್ಲ, ಅದಕ್ಕೆ.

ನಕ್ಷತ್ರ ಖರೇನೋ ಸುಳ್ಳೋ ನನಗೆ ತಿಳಿಯದು. ನೀವು ಓದಿ ದೊಡ್ಡವರಾದ ಮೇಲೆ ನಗಬಹುದು. ಆದರೆ ಮಲ್ಲವ್ವನಿಗೆ ಅದು ಖರೇ ಆಗಿತ್ತು. ತಮ್ಮ ಮಕ್ಕಳು ಮನೆ ಬಿಡಬಾರದೆಂದು ಅತ್ತೆ ಬೇಡಿಕೊಂಡಿದ್ದರು, ಶಿವ ಅದನ್ನು ನಡೆಸಿಕೊಟ್ಟಿದ್ದ. ಅದನ್ನು ಕಸಿದುಕೊಂಡವಳು ನಾನು.

ಬರುವ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯಲು ಎಲ್ಲರೂ ನಮ್ಮ ಮನೆಗೆ ಬರುತ್ತಾರೆ. ಗಂಗಕ್ಕ, ಅವಳ ಮಕ್ಕಳು, ಅಳಿಯಂದಿರು; ಮನೆಯಲ್ಲೇ ಇರುವ ನಿಮ್ಮ ಅಪ್ಪ, ಅವ್ವ, ನೀವಿಬ್ಬರು. ನಾನು ಮಾತಾಡಬೇಕು. ನಡುವೆ ನನ್ನ ದನಿ ನಿಂತರೂ ನೀನು ಮುಂದುವರಿಸಬೇಡ, ನಾನೇ ಮುಗಿಸುತ್ತೇನೆ ಎಂದು ಗಂಗಕ್ಕನಿಗೆ ಹೇಳಿ ಬಂದಿದ್ದೇನೆ. ಹೇಳಬೇಕಾದದ್ದು ದೊಡ್ಡದೇನಲ್ಲ: ಅತ್ತೆ ಶ್ರವಣದಲ್ಲಿ ಹೋದರು, ನೀರು ಕುಡಿದು ಹೋದರು, ಮನೆ ಬಿಡಿಸಿದವಳು ನಾನು.

ಎಲೆ ಹಾಕುವುದಕ್ಕಿಂತ ಮೊದಲೇ ಹೇಳುತ್ತೇನೆ. ಕೇಳಿದ ಮೇಲೆ ನನ್ನ ಕೈಯಿಂದ ಬಡಿಸಿಕೊಳ್ಳುವುದು, ಬಿಡುವುದು ಅವರವರಿಗೆ ಸೇರಿದ್ದು.